ತೈಲಕ್ಕೆ ತಕ್ಕ ತಾಜಾ ಹೂವು: ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಆರಿಸುವ ಬಗೆ

ತಲೆಗೂದಲಿಗೋ ಮೈಗೋ ಹಚ್ಚಲು ಮನೆಯಲ್ಲೇ ಹೂವಿನ ತೈಲ ಮಾಡುವವರು ಗಾಣದ ಎಳ್ಳೆಣ್ಣೆಯನ್ನೇ ಹುಡುಕಿ ತರುತ್ತಾರೆ, ಆದರೆ ಅದಕ್ಕೆ ಹಾಕುವ ಹೂವು ಎಲ್ಲಿಯದೆಂದು ವಿಚಾರಿಸುವುದು ಕಡಿಮೆ. ಬೆಳೆಗೆ ಸಿಂಪಡಿಸುವ ಕೀಟನಾಶಕಗಳಲ್ಲಿ ಹಲವು ನೀರಿಗಿಂತ ಎಣ್ಣೆಯಲ್ಲಿ ಸುಲಭವಾಗಿ ಕರಗುವಂಥವು. ಆದ್ದರಿಂದ ಹೂವನ್ನು ತೊಳೆದ ಮೇಲೂ ದಳದಲ್ಲಿ ಉಳಿದ ಅಂಶ ತೈಲಕ್ಕೆ ಇಳಿಯುತ್ತದೆ. ಹೂವು ಬೆಳೆದ ನೆಲವನ್ನು ನೋಡಿ ಆರಿಸುವುದು ಬಿಟ್ಟರೆ ಇದಕ್ಕೆ ಬೇರೆ ಪರಿಹಾರವಿಲ್ಲ.

ತುಂಗಭದ್ರಾ ಕಾಲುವೆಯ ನೀರಾವರಿಗೆ ಒಳಪಟ್ಟ ಗಂಗಾವತಿ, ಸಿಂಧನೂರು, ಮಾನ್ವಿ ಭಾಗದ ಭತ್ತದ ಗದ್ದೆಗಳ ಬದುವಿನಲ್ಲಿ, ರಾಯಚೂರಿನ ಹತ್ತಿ ಹೊಲಗಳ ಅಂಚಿನಲ್ಲಿ, ಬಳ್ಳಾರಿಯ ಮೆಣಸಿನಕಾಯಿ ಹೊಲಗಳ ಪಕ್ಕದಲ್ಲಿ ಹೂವು ಎಷ್ಟೇ ಸೊಗಸಾಗಿ ಅರಳಿದ್ದರೂ ಕೀಳಬಾರದು, ಏಕೆಂದರೆ ಸಿಂಪಡಣೆಯ ಹನಿಗಳು ಗಾಳಿಯೊಡನೆ ಬದು ದಾಟುತ್ತವೆ. ಸಂಡೂರು–ಹೊಸಪೇಟೆ ಕಡೆ ಅದಿರು ಲಾರಿಗಳು ಓಡಾಡುವ ರಸ್ತೆಬದಿಯ ಗಿಡಗಳ ಮೇಲೆ ಕೆಂಪು ಧೂಳು ಕೂತಿರುವುದರಿಂದ ಅವೂ ಬೇಡ. ದರೋಜಿ ಕರಡಿಧಾಮದಂತಹ ಸಂರಕ್ಷಿತ ಪ್ರದೇಶದೊಳಗೆ ಹೂವು ಕೀಳುವುದು ಕಾನೂನಿಗೆ ವಿರುದ್ಧ. ಇವೆಲ್ಲವನ್ನೂ ಬಿಟ್ಟು ಯಲಬುರ್ಗಾ, ಕುಷ್ಟಗಿ ಭಾಗದ ಮಳೆಯಾಶ್ರಿತ ಹೊಲಗಳ ನಡುವಿನ ಬೀಳುಭೂಮಿಯನ್ನೋ ಊರ ಹೊರಗಿನ ಗುಡ್ಡದ ಬುಡವನ್ನೋ ನೋಡಿಕೊಂಡು, ಜಮೀನಿನವರನ್ನು ಕೇಳಿಯೇ ಕೀಳಬೇಕು.

ಈ ಒಣನೆಲದಲ್ಲಿ ತೈಲಕ್ಕೆ ನಾನು ಮೊದಲು ಹೇಳುವ ಹೂವು ತಂಗಡಿ, ಅಂದರೆ ಆವರಿಕೆ. ಇದನ್ನು ಯಾರೂ ನೀರುಣಿಸಿ ಸಾಕುವುದಿಲ್ಲ, ಮೇಕೆಗಳು ಅಷ್ಟಾಗಿ ಮುಟ್ಟುವುದಿಲ್ಲ, ಔಷಧ ಹೊಡೆಯುವ ಪ್ರಶ್ನೆಯೇ ಬರುವುದಿಲ್ಲ. ಮಳೆ ಬಿದ್ದ ಮೇಲಂತೂ ಗಿಡ ತುಂಬಾ ಹಳದಿ ಹೂವು. ಆದರೆ ಗುರುತು ತಪ್ಪಬಾರದು. ತಂಗಡಿಗೆ ಬಿಡಿಬಿಡಿಯಾದ ಐದು ದಳಗಳಿರುತ್ತವೆ, ಪ್ರತಿ ಎಲೆಯ ಬುಡದಲ್ಲಿ ಕಿವಿಯಾಕಾರದ ಅಗಲವಾದ ಪುಟ್ಟ ಎಲೆಗಳಿರುತ್ತವೆ, ಕಾಯಿ ಚಪ್ಪಟೆಯಾಗಿರುತ್ತದೆ. ಹಳದಿ ಕಣಗಿಲೆಯ ಹೂವು ಗಂಟೆಯಾಕಾರದ್ದು, ಎಲೆ ಮುರಿದರೆ ಬಿಳಿ ಹಾಲು ಸುರಿಯುತ್ತದೆ, ಮತ್ತು ಅದರ ಎಲ್ಲ ಭಾಗಗಳೂ ಹೃದಯಕ್ಕೆ ಘಾತಕವಾದ ವಿಷ. ಕೆಂಪು ಕಣಗಿಲೆ, ಉಮ್ಮತ್ತಿ, ಎಕ್ಕ ಇವುಗಳನ್ನೂ ಮನೆಯ ತೈಲಕ್ಕೆ ಎಂದಿಗೂ ಬಳಸಬಾರದು. ಹಾಲು ಸುರಿಯುವ ಗಿಡದ ಹೂವನ್ನು ಬುಟ್ಟಿಗೇ ಹಾಕುವುದಿಲ್ಲ ಎಂಬ ನಿಯಮವಿಟ್ಟುಕೊಂಡರೆ ಹೊಸಬರಿಗೆ ಅಪಾಯ ಬಹಳಷ್ಟು ತಪ್ಪುತ್ತದೆ. ಉಮ್ಮತ್ತಿಯಲ್ಲಿ ಹಾಲಿಲ್ಲ, ಕೆಂಪು ಕಣಗಿಲೆಯ ರಸ ಬಿಳಿ ಹಾಲಿನಂತೆ ಕಾಣದಿರಲೂಬಹುದು. ಆದ್ದರಿಂದ ಅವೆರಡನ್ನೂ ಬೇರೆಯಾಗಿ ಗುರುತಿಸಲು ಕಲಿಯಬೇಕು.

ದಾಸವಾಳವನ್ನು ಕೊಳ್ಳುವುದಕ್ಕಿಂತ ಬೆಳೆಸುವುದು ಮೇಲು. ಕೂದಲಿನ ತೈಲಕ್ಕೆ ರೂಢಿಯಲ್ಲಿರುವುದು ಐದೆಸಳಿನ ಕೆಂಪು ದಾಸವಾಳ. ನರ್ಸರಿಯಿಂದ ತಂದ ಗಿಡಗಳಿಗೆ ಹಿಟ್ಟು ತಿಗಣೆಯ ಭಯದಿಂದ ಗಿಡದೊಳಗೇ ಸೇರುವ ಕೀಟನಾಶಕ ಕೊಟ್ಟಿರುವುದುಂಟು. ಆದುದರಿಂದ ಹೊಸ ಗಿಡದ ಹೂವನ್ನು ಕೆಲವು ತಿಂಗಳು ತೈಲಕ್ಕೆ ಬಳಸದೆ, ಹೊಸ ಚಿಗುರು ಬಂದು ಗಿಡ ಬಲಿಯುವವರೆಗೆ ಕಾಯಬೇಕು. ಜಾಗವಿಲ್ಲದವರು ನೆರೆಮನೆಯ ಹಿತ್ತಲಿನ ಹಳೆಯ ಗಿಡವನ್ನು ಕೇಳಿಕೊಳ್ಳಬಹುದು. ಬೇವಿನ ಹೂವು ಯುಗಾದಿಯ ಆಸುಪಾಸಿನಲ್ಲಿ ಮಾತ್ರ ಸಿಗುತ್ತದೆ. ರಾತ್ರಿ ಮರದಡಿ ಶುಭ್ರವಾದ ಪಂಚೆ ಹಾಸಿಟ್ಟರೆ ಬೆಳಿಗ್ಗೆ ಉದುರಿದ ಹೂವು ಮಣ್ಣಿಲ್ಲದೆ ದೊರೆಯುತ್ತದೆ.

ಮಲ್ಲಿಗೆಗೆ ಮಾತ್ರ ಮಾರುಕಟ್ಟೆಯನ್ನೇ ನೆಚ್ಚಬೇಕು. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಮೊಗ್ಗು ಕೊರೆಯುವ ಹುಳುವಿನ ಕಾಟಕ್ಕೆ ಮಲ್ಲಿಗೆ ತೋಟಗಳಲ್ಲಿ ಸಿಂಪಡಣೆ ಸಾಮಾನ್ಯವಾದ್ದರಿಂದ, ಪರಿಚಯದ ಹೂಗಾರರ ಮೂಲಕ ಬೆಳೆಗಾರರನ್ನೇ ತಲುಪಿ, “ಎಣ್ಣಿ (ಅಂದರೆ ಕೀಟನಾಶಕ) ಹೊಡೆದು ಎಷ್ಟು ದಿನ ಆತು?” ಎಂದು ನೇರವಾಗಿ ಕೇಳಬೇಕು. ಸಿಂಪಡಿಸದ ಕೆಲವೇ ಗಿಡಗಳಿರುವ ಮನೆಯವರು ಸಿಕ್ಕರೆ ಅವರಿಂದ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವುದು ನ್ಯಾಯ. ಕಟ್ಟಿದ ಮಾಲೆಯ ಮೇಲೆ ಪದೇಪದೇ ನೀರು ಚಿಮುಕಿಸಿರುತ್ತಾರೆ. ಬಿಡಿ ಮೊಗ್ಗನ್ನೇ ಕೇಳಿ ಪಡೆಯಬೇಕು. ಮಲ್ಲಿಗೆಯ ಪರಿಮಳ ಹೊಮ್ಮುವುದು ಸಂಜೆ ಅರಳಿದ ಮೇಲೆ. ಆದ್ದರಿಂದ ಬೆಳಿಗ್ಗೆ ತಂದ ಮೊಗ್ಗನ್ನು ತೆಳುವಾಗಿ ಹರಡಿಟ್ಟು, ಅರಳಿದ ಕೂಡಲೇ ಎಣ್ಣೆಗೆ ಹಾಕಿ, ಮರುದಿನ ಸೋಸಿ, ಮತ್ತೆ ಹೊಸ ಹೂವು ಹಾಕುತ್ತಾ ಹೋಗಬೇಕು.

ದಸರೆ, ದೀಪಾವಳಿಯ ಮರುದಿನ ಚೆಂಡು ಹೂವು ಅಗ್ಗವಾಗಿ ರಾಶಿ ಬಿದ್ದಿರುತ್ತದೆ, ಆದರೆ ಹಬ್ಬದ ಮಾರಾಟಕ್ಕೆಂದು ಬೆಳೆದ ಈ ಹೂವು ತೈಲಕ್ಕೆ ಸಲ್ಲದು. ಚರ್ಮದ ಮುಲಾಮುಗಳಲ್ಲಿ ಹೆಸರು ಕೇಳುವ ಕ್ಯಾಲೆಂಡುಲಾ ಈ ಚೆಂಡು ಹೂವಲ್ಲ, ಬೇರೆಯೇ ಗಿಡ. ದೇವರ ಮೇಲಿನ ನಿರ್ಮಾಲ್ಯದಲ್ಲಿ ಕುಂಕುಮವೂ ನೀರೂ ಸೇರಿರುವುದರಿಂದ ಅದನ್ನೂ ಬಳಸಬಾರದು.

ಮಲ್ಲಿಗೆಯ ಹೊರತು ಉಳಿದ ಹೂವುಗಳನ್ನು ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ ಕೀಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ 8 ಗಂಟೆಯೊಳಗೆ ಕೆಲಸ ಮುಗಿಯಬೇಕು. ಒಂದು ಗಿಡದಿಂದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯದಿದ್ದರೆ ಜೇನಿಗೂ ಬೀಜಕ್ಕೂ ಉಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹೂವು ಬೆವರಿ ಕಪ್ಪಾಗುವುದರಿಂದ ಬಿದಿರಿನ ಬುಟ್ಟಿ ಅಥವಾ ಬಟ್ಟೆಯ ಚೀಲ ಒಯ್ಯಬೇಕು. ಮನೆಗೆ ತಂದ ಮೇಲೆ ಹುಳು, ಕಸ ಆರಿಸಿ, ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ ಬಾಡಿಸಬೇಕು. ನಮ್ಮ ಬೇಸಿಗೆಯ ಒಣಗಾಳಿಗೆ ಒಂದು ರಾತ್ರಿ ಸಾಕು. ಮಳೆಗಾಲದಲ್ಲಿ ಒಂದೆರಡು ದಿನ ಹಿಡಿಯುತ್ತದೆ. ಲೋಳೆಯುಳ್ಳ ದಾಸವಾಳಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ತೇವ ಉಳಿದರೆ ಎಣ್ಣೆ ಮುಗ್ಗಲಾಗುತ್ತದೆ, ಗಾಳಿಯಾಡದ ಎಣ್ಣೆಯೊಳಗೆ ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯಲೂಬಹುದು. ಈ ಕಾರಣಕ್ಕೆ ಇಂತಹ ತೈಲವನ್ನು ತಲೆಗೋ ಮೈಗೋ ಹಚ್ಚಲು ಮಾತ್ರ ಬಳಸಬೇಕು, ಅದನ್ನೂ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿದ ಮೇಲೆ. ಬಾಡಿದ 100 ಗ್ರಾಂ ಹೂವಿಗೆ ಅರ್ಧ ಲೀಟರ್ ಎಳ್ಳೆಣ್ಣೆ ಹದವಾದ ಅಳತೆ. ನಮ್ಮಲ್ಲಿ ಸಿಗುವ ಕುಸುಬೆ ಎಣ್ಣೆಯೂ ಆಗುತ್ತದೆ, ಆದರೆ ಅದು ಬೇಗ ಕಮಟುವುದರಿಂದ ಸ್ವಲ್ಪಸ್ವಲ್ಪವೇ ಮಾಡಿಕೊಂಡು, ಬಾಟಲಿಯ ಮೇಲೆ ಹೂವಿನ ಹೆಸರು, ಕಿತ್ತ ಸ್ಥಳ ಮತ್ತು ದಿನಾಂಕವನ್ನು ಬರೆದಿಡಬೇಕು.