ಕವಳಿ ಹಣ್ಣು ಕೊಯ್ಯುವವರಿಗೆ ಒಂದು ಮಾತು

ಗುಡ್ಡದ ಕಡೆ ಕವಳಿ ಹಣ್ಣಾಗಿದೆ. ಕರಾವಳಿಯವರು ಇದನ್ನೇ ಕರಂಡೆ ಎನ್ನುತ್ತಾರೆ. ಕೆಂಪಗಿರುವುದನ್ನು ಕಿತ್ತು ಹಲ್ಲು ಚುಳ್ಳೆನಿಸಿಕೊಳ್ಳಬೇಡಿ, ಅದು ಉಪ್ಪಿನಕಾಯಿಗೆ ಸರಿ. ತಿನ್ನಲು ಕಡು ಕಪ್ಪಾಗಿ, ಮುಟ್ಟಿದರೆ ಮೆತ್ತಗಿರುವ ಹಣ್ಣೇ ಬೇಕು. ಆ ಕಪ್ಪು ಬಣ್ಣ ಕೊಡುವುದು ನೇರಳೆಯಲ್ಲೂ ಇರುವ ಆಂಥೋಸಯನಿನ್ ಎಂಬ ವರ್ಣದ್ರವ್ಯ.

ತೊಟ್ಟು ಮುರಿದ ಕೂಡಲೇ ಬಿಳಿ ಹಾಲು ಬರುತ್ತದೆ. ಹಾಗೆಯೇ ಬಾಯಿಗೆ ಹಾಕಿದರೆ ತುಟಿ ಅಂಟು ಅಂಟು. ತೊಟ್ಟು ತೆಗೆದು ಅರ್ಧ ಗಂಟೆ ಉಪ್ಪು ನೀರಿನಲ್ಲಿ ಬಿಡಿ, ನಂತರ ತೊಳೆಯಿರಿ. ಆಮೇಲೂ ತುಟಿಗೆ ಅಂಟಿದರೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು.

ಕವಳಿ ತಿಂದರೆ ರಕ್ತ ಹೆಚ್ಚುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಹಣ್ಣೊಂದೇ ರಕ್ತಹೀನತೆಗೆ ಮದ್ದಲ್ಲ. ಆದರೆ ಅದರ ಸಿ ಜೀವಸತ್ವವು ಸೊಪ್ಪು, ರಾಗಿ, ಕಾಳುಗಳ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಹಾಗಾಗಿ ಊಟದ ಜೊತೆಗೇ ನಾಲ್ಕು ಹಣ್ಣು ತಿನ್ನಿ. ಕುದಿಸಿದರೆ ಆ ಜೀವಸತ್ವದಲ್ಲಿ ಒಂದಷ್ಟು ನಷ್ಟವಾಗುತ್ತದೆ. ಸಕ್ಕರೆ ಸುರಿದು ಜಾಮ್ ಮಾಡಿ ‘ಆರೋಗ್ಯಕ್ಕೆ ಒಳ್ಳೆಯದು’ ಎನ್ನುವುದು ನನಗಂತೂ ಒಪ್ಪಿಗೆಯಿಲ್ಲ. ಹುಳಿತೇಗು, ಎದೆಯುರಿ ಇರುವವರು ಖಾಲಿ ಹೊಟ್ಟೆಗೆ ತಿನ್ನಬಾರದು.

ಮಕ್ಕಳನ್ನು ಕರೆದೊಯ್ದರೆ ಲಂಟಾನದ ಹಸಿರು ಕಾಯಿ, ಗುಲಗಂಜಿ ಬೀಜ ಎರಡನ್ನೂ ಮೊದಲೇ ತೋರಿಸಿಡಿ. ಎರಡೂ ವಿಷ. ಹಕ್ಕಿ ತಿಂದಿತೆಂದು ನಾವೂ ತಿನ್ನುವ ಹಾಗಿಲ್ಲ. ಉದ್ದ ತೋಳಿನ ಅಂಗಿ ಮರೆಯಬೇಡಿ, ಕವಳಿ ಮುಳ್ಳು ಕವಲೊಡೆದಿರುತ್ತದೆ.