ವಾಟ್ಸಾಪ್ ಒಂದ್ ಕಡೆ, ಸಿಗ್ನಲ್ ಇನ್ನೊಂದ್ ಕಡೆ: ಮ್ಯಾಟ್ರಿಕ್ಸ್ ಸೆಟಪ್ ಮಾಡ್ಕೊಳ್ಳೋದ್ ಹೇಗೆ

ವಾಟ್ಸಾಪ್ ಒಳಗೆ ಕೆಲ್ಸ ಮಾಡ್ತಿರೋದು ಸಿಗ್ನಲ್‌ನವರ ಎನ್‌ಕ್ರಿಪ್ಷನ್ ಪ್ರೋಟೊಕಾಲೇ (ಮೆಸೇಜ್‌ಗೆ ಬೀಗ ಹಾಕೋ ವಿಧಾನ), 2016ರಿಂದ ಎಲ್ರಿಗೂ ಆನ್ ಆಗಿದೆ, ಆದ್ರೂ ಸಿಗ್ನಲ್‌ನಿಂದ ವಾಟ್ಸಾಪ್‌ಗೆ ಒಂದ್ ಹಾಯ್ ಕಳ್ಸೋಕಾಗಲ್ಲ. ಬೀಗ ಒಂದೇ ಥರದ್ದು, ಆದ್ರೆ ಸರ್ವರ್ ಬೇರೆ ಬೇರೆಯವರದ್ದು, ಅವ್ರು ಬಾಗಿಲು ತೆಗೆದ್ರೆ ತಾನೆ. ಇಮೇಲ್ ಥರ ಯಾವ ಸರ್ವರ್‌ನಿಂದ ಯಾವ ಸರ್ವರ್‌ಗಾದ್ರೂ ಮೆಸೇಜ್ ಹೋಗ್ಲಿ ಅಂತ 1999ರಲ್ಲೇ ಜ್ಯಾಬರ್ ಬಂತು, ಅದೇ ಈಗಿನ ಎಕ್ಸ್‌ಎಂಪಿಪಿ. 2014ರಲ್ಲಿ ಅದೇ ಉದ್ದೇಶದ ಮ್ಯಾಟ್ರಿಕ್ಸ್ ಬಂತು. ಇಲ್ಲಿ ಹೇಳೋದು ಮ್ಯಾಟ್ರಿಕ್ಸ್ ಬಗ್ಗೆ.

ಮೊದ್ಲು ಮ್ಯಾಟ್ರಿಕ್ಸ್ ಬಳ್ಸೋಕೆ ಇರೋ ಎಲಿಮೆಂಟ್ ಆ್ಯಪ್ ಹಾಕೊಳ್ಳಿ. ಅಕೌಂಟ್ ಮಾಡುವಾಗ ಸರ್ವರ್ ಯಾವ್ದು ಅಂತ ಕೇಳತ್ತೆ, ಅವಸರ ಮಾಡ್ಬೇಡಿ, ಯಾಕಂದ್ರೆ ಸರ್ವರ್ ಹೆಸ್ರು ನಿಮ್ಮ ಐಡಿಯಲ್ಲೇ ಸೇರ್ಕೊಳ್ಳತ್ತೆ, ಆಮೇಲೆ ಅದೇ ಐಡಿ ಇಟ್ಕೊಂಡು ಬೇರೆ ಸರ್ವರ್‌ಗೆ ಹೋಗೋಕಾಗಲ್ಲ.

ಮುಂದಿನದು ರಿಕವರಿ ಕೀ, ಅಂದ್ರೆ ಹೊಸ ಫೋನಲ್ಲಿ ಹಳೇ ಮೆಸೇಜ್ ಓಪನ್ ಮಾಡೋಕೆ ಬೇಕಾಗೋ ಗುಟ್ಟಿನ ಕೋಡ್. ಇದನ್ನ ಸ್ಕಿಪ್ ಮಾಡೋರೇ ಜಾಸ್ತಿ, ಫೋನ್ ಹೋದ್ಮೇಲೆ ಹಳೇ ಮೆಸೇಜ್ ಒಂದೂ ಓಪನ್ ಆಗ್ತಿಲ್ಲ ಅಂತ ಗೋಳಾಡೋರೂ ಅವ್ರೇ. ಪೇಪರಲ್ಲಿ ಬರ್ಕೊಳ್ಳಿ, ಇಲ್ಲಾ ಪಾಸ್‌ವರ್ಡ್ ಮ್ಯಾನೇಜರಲ್ಲಿ ಇಡಿ, ಅದೇ ಫೋನಿನ ಗ್ಯಾಲರಿಯಲ್ಲಿ ಸ್ಕ್ರೀನ್‌ಶಾಟ್ ಮಾತ್ರ ಬೇಡ. ಆಮೇಲೆ ಎದುರಿನವ್ರನ್ನ ವೆರಿಫೈ ಮಾಡಿ: ಇಬ್ರ ಸ್ಕ್ರೀನಲ್ಲೂ 7 ಇಮೋಜಿ ಬರತ್ತೆ, ಕಾಲ್ ಮಾಡಿ ಒಂದೊಂದಾಗಿ ಓದಿ ತಾಳೆ ನೋಡಿ, ಒಂದು ಬೇರೆ ಇದ್ರೂ ಅಲ್ಲಿಗೇ ನಿಲ್ಸಿ.

ಎಲಿಮೆಂಟಲ್ಲಿ ಹೊಸ ಪ್ರೈವೇಟ್ ರೂಮ್‌ಗೆ ಎನ್‌ಕ್ರಿಪ್ಷನ್ ತಾನಾಗೇ ಆನ್ ಇರತ್ತೆ, ಪಬ್ಲಿಕ್ ರೂಮ್‌ಗೆ ಇರಲ್ಲ. ಒಮ್ಮೆ ಆನ್ ಮಾಡಿದ್ರೆ ಆ ರೂಮಲ್ಲಿ ಆಫ್ ಮಾಡೋಕಾಗಲ್ಲ. ಮುಚ್ಚಿರೋದು ಮೆಸೇಜ್ ಒಳಗಿರೋದು ಮಾತ್ರ. ರೂಮಲ್ಲಿ ಯಾರ್ಯಾರಿದಾರೆ, ಯಾರು ಯಾವಾಗ ಕಳ್ಸಿದ್ರು ಅನ್ನೋದೆಲ್ಲ ಸರ್ವರ್ ನಡ್ಸೋರಿಗೆ ಕಾಣತ್ತೆ.

ಈಗ ಬ್ರಿಡ್ಜ್, ಅಂದ್ರೆ ಬೇರೆ ಆ್ಯಪ್‌ನ ಚಾಟನ್ನ ಮ್ಯಾಟ್ರಿಕ್ಸ್‌ಗೆ ತರೋ ಸಾಫ್ಟ್‌ವೇರ್. ವಾಟ್ಸಾಪ್, ಸಿಗ್ನಲ್, ಟೆಲಿಗ್ರಾಂ ಮೂರಕ್ಕೂ ಮೌಟ್ರಿಕ್ಸ್ ಅನ್ನೋ ಓಪನ್ ಸೋರ್ಸ್ ಬ್ರಿಡ್ಜ್‌ಗಳಿವೆ, ವಾಟ್ಸಾಪ್‌ದು ನಿಮ್ಮ ಅಕೌಂಟಿನ ಲಿಂಕ್ಡ್ ಡಿವೈಸ್ ಆಗಿ ಕೂತ್ಕೊಳ್ಳತ್ತೆ, ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಅಲ್ಲಿನ ಚಾಟ್ ಎಲ್ಲ ಎಲಿಮೆಂಟಲ್ಲೇ. ಕೇಳೋಕೆ ಚೆನ್ನಾಗಿದೆ, ಆದ್ರೆ ಬ್ರಿಡ್ಜ್ ಒಳಗೆ ಮೆಸೇಜ್ ಒಂದ್ಸಲ ಬಿಚ್ಕೊಂಡು ಮತ್ತೆ ಲಾಕ್ ಆಗತ್ತೆ, ಅಂದ್ರೆ ಬ್ರಿಡ್ಜ್ ಇರೋ ಸರ್ವರ್ ಯಾರ ಕೈಲಿದ್ಯೋ ಅವ್ರು ಓದ್ಬಹುದು. ಅದಕ್ಕೇ ಬೇರೆಯವ್ರ ಬ್ರಿಡ್ಜ್‌ಗೆ ಲಾಗಿನ್ ಕೊಡ್ಬೇಡಿ, ನಿಮ್ದೇ ಸರ್ವರಲ್ಲಿ ಡಾಕರ್‌ನಲ್ಲಿ (ಸಾಫ್ಟ್‌ವೇರನ್ನ ಪ್ರತ್ಯೇಕ ಡಬ್ಬಿಯಲ್ಲಿಟ್ಟ ಹಾಗೆ ಓಡ್ಸೋ ಟೂಲ್) ಓಡ್ಸೋಕಾದ್ರೆ ಮಾತ್ರ ಹಾಕಿ. ಟೆಲಿಗ್ರಾಂನ ಮಾಮೂಲಿ ಚಾಟ್‌ಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ (ಮಾತಾಡೋರು ಬಿಟ್ರೆ ಮಧ್ಯದವ್ರು ಯಾರೂ ಓದೋಕಾಗದ ಬೀಗ) ಮೊದ್ಲೇ ಇಲ್ಲ ಬಿಡಿ, ಆದ್ರೆ ಸಿಗ್ನಲ್ಲಲ್ಲಿ ನಿಮ್ಮನ್ನ ನಂಬಿ ಮಾತಾಡೋರಿಗೆ ಬ್ರಿಡ್ಜ್ ಇದೆ ಅಂತ ಹೇಳ್ಲೇಬೇಕು, ಅವ್ರ ಮಾತೂ ಅಲ್ಲಿ ಬಿಚ್ಕೊಳ್ಳತ್ತೆ. ಇವು ಆ ಕಂಪನಿಗಳು ಕೊಟ್ಟಿರೋ ಬ್ರಿಡ್ಜ್ ಅಲ್ಲ, ಅಕೌಂಟ್ ಬ್ಲಾಕ್ ಆಗೋ ರಿಸ್ಕೂ ಇದೆ.

ಒಬ್ಬಿಬ್ರ ಜೊತೆ ಗುಟ್ಟಾಗಿ ಮಾತಾಡೋಕಷ್ಟೇ ಬೇಕಿದ್ರೆ ಇಷ್ಟೆಲ್ಲ ಯಾಕೆ, ಅವ್ರಿಗೂ ಸಿಗ್ನಲ್ ಹಾಕ್ಸಿ, ಮುಗೀತು.