ಪನೀರ್ ಎಷ್ಟು ಒತ್ತಬೇಕು?

ಹಾಲು ಒಡೆಸುವುದು ದೊಡ್ಡ ವಿದ್ಯೆಯೇನಲ್ಲ. ಒಡೆದ ಹಾಲಿನಲ್ಲಿ ಎಷ್ಟು ನೀರು ಉಳಿಸಿಕೊಳ್ಳಬೇಕು ಎಂಬಲ್ಲಿಯೇ ಪನೀರ್ ಕೆಡುವುದು ಅಥವಾ ಕೂಡಿಬರುವುದು. ಹಾಗಾಗಿ ಏನು ಅಡುಗೆ ಎಂದು ಗೊತ್ತುಮಾಡಿಕೊಂಡ ಮೇಲೆಯೇ ನಾನು ಹಾಲನ್ನು ಒಲೆಗೆ ಇಡುತ್ತೇನೆ.

ಕತ್ತರಿಸಿದ ತುಂಡು ಒಡೆಯದೆ ನಿಲ್ಲಬೇಕಾದರೆ ಎಮ್ಮೆಯ ಹಾಲು. ಹಸುವಿನ ಹಾಲಿಗಿಂತ ಅದರಲ್ಲಿ ಕೊಬ್ಬು, ಪ್ರೋಟೀನ್, ಕ್ಯಾಲ್ಸಿಯಂ ಎಲ್ಲವೂ ಹೆಚ್ಚು. ನಾದಿ ನುಣ್ಣಗೆ ಮಾಡುವ ರಸಗುಲ್ಲದಂಥ ಸಿಹಿಗೆ ಹಸುವಿನ ಹಾಲೇ ಸರಿ. ಕೆನೆ ತೆಗೆದ ಹಾಲಿನ ಪನೀರ್ ಹಲ್ಲಿಗೆ ರಬ್ಬರಿನಂತೆ ಸಿಗುತ್ತದೆ, ನನಗೆ ಒಗ್ಗದು.

ಹಾಲು ಉಕ್ಕಿಬಂದೊಡನೆ ಉರಿ ಆರಿಸಿ, ಒಂದೆರಡು ನಿಮಿಷ ಕೈಯಾಡಿಸುತ್ತೇನೆ. ಹೀಗೆ ಚೆನ್ನಾಗಿ ಕಾಯಿಸಿದಾಗ ನೀರಿನೊಂದಿಗೆ ಹರಿದುಹೋಗುವ ಪ್ರೋಟೀನಿನಲ್ಲೂ ಒಂದಷ್ಟು ಗಟ್ಟಿ ಭಾಗಕ್ಕೆ ಅಂಟಿಕೊಳ್ಳುತ್ತದೆ. ಲೀಟರಿಗೆ ಸುಮಾರು 2 ದೊಡ್ಡ ಚಮಚ ನಿಂಬೆರಸ, ಅಷ್ಟೇ ನೀರು ಬೆರೆಸಿ, ಸ್ವಲ್ಪಸ್ವಲ್ಪವಾಗಿ ಹಾಕಬೇಕು. ನೀರು ತಿಳಿಯಾಗಿ ಹಸಿರು ಮಿಶ್ರಿತ ಹಳದಿಗೆ ತಿರುಗಿದೊಡನೆ ಕೈ ನಿಲ್ಲಿಸಬೇಕು. ಇನ್ನೂ ಬೆಳ್ಳಗಿದ್ದರೆ ಹುಳಿ ಸಾಲದು. ತಿಳಿಯಾದ ಮೇಲೂ ಸುರಿಯುತ್ತಿದ್ದರೆ ಪನೀರ್ ಹರಳುಹರಳಾಗಿ ಬಿರುಸಾಗುತ್ತದೆ. ನಿಂಬೆಗಿಂತ ನನಗೆ ಇಷ್ಟವಾದದ್ದು ಹಿಂದಿನ ಸಲ ಎತ್ತಿಟ್ಟು ಹುಳಿ ಬಂದ ಹಾಲೊಡಕು ನೀರು. ಹೆಚ್ಚು ಬೇಕಾಗುತ್ತದೆ ನಿಜ, ಆದರೆ ಹಾಲು ಮೆಲ್ಲಗೆ ಒಡೆಯುತ್ತದೆ, ನಿಂಬೆಯ ವಾಸನೆಯೂ ಉಳಿಯುವುದಿಲ್ಲ.

ತೆಳು ಬಟ್ಟೆಯಲ್ಲಿ ಸೋಸಿ, ತಣ್ಣೀರು ಒಮ್ಮೆ ಸುರಿದ ಮೇಲೆ ದಾರಿಗಳು ಬೇರೆಯಾಗುತ್ತವೆ. ಭುರ್ಜಿಗಾದರೆ ಹತ್ತು ನಿಮಿಷ ತೂಗುಹಾಕಿದರೆ ಸಾಕು, ಭಾರ ಇಡುವುದೇ ಬೇಡ. ಗ್ರೇವಿಗೆ ಹಾಕುವ ತುಂಡುಗಳಿಗೆ ಬಿಸಿ ಆರುವ ಮುನ್ನವೇ ಎರಡು ಕಿಲೋ ಭಾರ ಹೇರಿ ಅರ್ಧ ಗಂಟೆ ಬಿಡುತ್ತೇನೆ. ಪರಾಠದ ಹೂರಣಕ್ಕೆ ಇನ್ನೂ ಹೊತ್ತು. ತೇವ ಉಳಿದರೆ ಲಟ್ಟಿಸುವಾಗ ಹಿಟ್ಟು ಹರಿದು ಹೂರಣ ಹೊರಗೆ ಇಣುಕುತ್ತದೆ. ಹೆಚ್ಚು ಒತ್ತಿದಷ್ಟೂ ತೂಕ ಇಳಿಯುತ್ತದೆ. ಲೀಟರಿಗೆ 150ರಿಂದ 200 ಗ್ರಾಂ ಸಿಕ್ಕರೆ ಒಳ್ಳೆಯ ಲೆಕ್ಕ.

ಹುಳಿಯಿಂದ ಒಡೆಸಿದ ಪನೀರ್ ಪಿಜ್ಜಾದ ಮೇಲಿನ ಚೀಸಿನಂತೆ ಕರಗುವುದಿಲ್ಲ. ಬಿಸಿ ಏರಿದಂತೆ ಒಳಗಿನ ನೀರು ಬಿಟ್ಟು ಬಿಗಿಯುತ್ತದೆ, ಅಷ್ಟೇ. ಗ್ರೇವಿಯಲ್ಲಿ ಕಾಲು ಗಂಟೆ ಕುದಿಸುವವರನ್ನು ಕಂಡರೆ ನನಗೆ ಸಂಕಟ. ಒಂದೇ ಮಗ್ಗುಲು ಹೊಂಬಣ್ಣಕ್ಕೆ ಹುರಿದು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ, ಉರಿ ಆರಿಸುವ ಹೊತ್ತಿಗೆ ಗ್ರೇವಿಗೆ ಸೇರಿಸುವುದು ನನ್ನ ಕ್ರಮ. ತುಂಡು ಮೆತ್ತಗಾಗುತ್ತದೆ, ಉಪ್ಪೂ ಹಿಡಿಯುತ್ತದೆ. ಸಪ್ಪೆ ಪನೀರಿಗೆ ಇದು ಬೇಕೇ ಬೇಕು. ಹಾಗೆ ನೋಡಿದರೆ, ತಾಜಾ ಪನೀರಿಗೆ ಗರಂ ಮಸಾಲೆಯ ಅಬ್ಬರವೇ ಬೇಡ. ತುಪ್ಪದಲ್ಲಿ ಕುಟ್ಟಿದ ಕಾಳುಮೆಣಸು ಸಿಡಿಸಿ ಹೊರಳಿಸಿದರೆ ಹಾಲಿನ ಸಿಹಿ ನಾಲಿಗೆಗೆ ಸಿಗುತ್ತದೆ.

ಉಳಿದದ್ದನ್ನು ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಎರಡು ಮೂರು ದಿನಗಳಲ್ಲಿ ಮುಗಿಸುತ್ತೇನೆ. ಹಾಲೊಡಕು ನೀರಿನಲ್ಲಿ ಚಪಾತಿ ಹಿಟ್ಟು ಕಲಸಬಹುದು. ಬೇಳೆಗೆ ಹಾಕುವುದಾದರೆ ಬೇಳೆ ಬೆಂದ ಮೇಲೆ ಹಾಕಿ. ಮೊದಲೇ ಹಾಕಿದರೆ ಹುಳಿಗೆ ಬೇಳೆ ಬೇಗ ಬೇಯುವುದಿಲ್ಲ.